ಕೋಡ್ ಸೆಕ್ಯೂರಿಟಿ ಸ್ಕ್ಯಾನರ್ ಕೈಕೊಟ್ಟಾಗ: ಲಕ್ಷಣ ನೋಡಿ ದೋಷ ಹಿಡಿಯುವ ಬಗೆ

ಸೆಮ್‌ಗ್ರೆಪ್, ಬ್ಯಾಂಡಿಟ್, ಗೋಸೆಕ್, ಕೋಡ್‌ಕ್ಯೂಎಲ್. ಹೆಸರು ಬೇರೆ ಬೇರೆ, ಮಾಡುವ ಕೆಲಸ ಹೆಚ್ಚುಕಡಿಮೆ ಒಂದೇ (ಬ್ಯಾಂಡಿಟ್ ಪೈಥಾನ್ ಕೋಡಿಗೆ, ಗೋಸೆಕ್ ಗೋ ಕೋಡಿಗೆ). ನಿಮ್ಮ ಪ್ರೋಗ್ರಾಮನ್ನು ಓಡಿಸದೆ, ಬರೀ ಕೋಡನ್ನು ಓದಿ, ಸುರಕ್ಷತೆಯ ರೂಲ್‌ಗಳಿಗೆ ತಾಳೆ ಹಾಕಿ, ಅಪಾಯ ಇರುವ ಸಾಲನ್ನು ಬೆರಳಿಟ್ಟು ತೋರಿಸುತ್ತವೆ.

ಒಳಗೆ ನಡೆಯುವುದು ಇಷ್ಟು. ಟೂಲ್ ಮೊದಲು ಫೈಲ್‌ಗಳನ್ನು ಹುಡುಕುತ್ತದೆ. ಒಂದೊಂದನ್ನೂ ಪಾರ್ಸ್ ಮಾಡಿ, ಅಂದರೆ ಭಾಷೆಯ ವ್ಯಾಕರಣದ ಪ್ರಕಾರ ಬಿಡಿಸಿ, ಸಿಂಟ್ಯಾಕ್ಸ್ ಟ್ರೀ ಎಂಬ ಮರದಂಥ ರಚನೆ ಕಟ್ಟಿಕೊಳ್ಳುತ್ತದೆ. ಅದರ ಮೇಲೆ ರೂಲ್‌ಗಳನ್ನು ಹೊಂದಿಸಿ ನೋಡುತ್ತದೆ. ಸಿಕ್ಕಿದ್ದನ್ನು ರಿಪೋರ್ಟ್‌ಗೆ ಬರೆಯುತ್ತದೆ. ಕೊನೆಗೆ ಎಕ್ಸಿಟ್ ಕೋಡ್, ಅಂದರೆ ಕೆಲಸ ಹೇಗಾಯಿತು ಎಂದು ಸೂಚಿಸುವ ಒಂದು ಸಂಖ್ಯೆ, ಕೊಟ್ಟು ಮುಗಿಸುತ್ತದೆ. ಏನಾದರೂ ಕೆಟ್ಟಾಗ ಹೆಚ್ಚಿನವರು ನೇರವಾಗಿ ರೂಲ್ ಫೈಲ್ ತೆರೆದು ಕೂರುತ್ತಾರೆ. ಅದಕ್ಕೂ ಮುಂಚೆ ಒಂದು ಪ್ರಶ್ನೆಗೆ ಉತ್ತರ ಬೇಕು: ಟೂಲ್ ನಿಮ್ಮ ಕೋಡನ್ನು ನಿಜವಾಗಿ ಓದಿತಾ? ನಾನು ನೋಡಿದ ಮಟ್ಟಿಗೆ ಅರ್ಧಕ್ಕಿಂತ ಜಾಸ್ತಿ ತೊಂದರೆಗಳು ಈ ಪ್ರಶ್ನೆಯಲ್ಲೇ ಬಗೆಹರಿಯುತ್ತವೆ.

## ಕೈ ಹಾಕುವ ಮುಂಚೆ

ಪರೀಕ್ಷೆಗೆ ಅಂತ ಬೇರೆ ಬ್ರಾಂಚ್ (ಕೋಡಿನ ಪ್ರತ್ಯೇಕ ಕವಲು) ಮಾಡಿಕೊಳ್ಳಿ. ಮುಂದೆ ಬೇಕಂತಲೇ ಒಂದು ಕೆಟ್ಟ ಫೈಲ್ ಬರೆಯಲಿದ್ದೀರಿ, ಅದು ಮುಖ್ಯ ಬ್ರಾಂಚ್ ಸೇರಬಾರದು. ಆ ಫೈಲಿನಲ್ಲಿ ನಿಜವಾದ ಪಾಸ್‌ವರ್ಡ್ ಅಥವಾ ಕೀ ಯಾವ ಕಾರಣಕ್ಕೂ ಹಾಕಬೇಡಿ.

ಯಾರದೋ ಗೊತ್ತಿಲ್ಲದ ರೆಪೊ (ಕೋಡ್ ಇಡುವ ಸಂಗ್ರಹ) ಸ್ಕ್ಯಾನ್ ಮಾಡುತ್ತಿದ್ದರೆ ಇನ್ನೂ ಹುಷಾರಾಗಿರಿ. ಸೆಮ್‌ಗ್ರೆಪ್, ಬ್ಯಾಂಡಿಟ್ ತರಹದವು ಕೋಡನ್ನು ಸುಮ್ನೆ ಓದುತ್ತವೆ. ಕೋಡ್‌ಕ್ಯೂಎಲ್ ಹಾಗಲ್ಲ. ಸಿ++ ಮುಂತಾದ ಭಾಷೆಗಳಿಗೆ ಅದು ಬಿಲ್ಡ್ ನಡೆಸಿ ಡೇಟಾಬೇಸ್ ಕಟ್ಟುವುದುಂಟು, ಅಂದರೆ ಆ ರೆಪೊದ ಬಿಲ್ಡ್ ಸ್ಕ್ರಿಪ್ಟ್ ನಿಮ್ಮ ಮೆಷೀನ್ ಮೇಲೆ ಓಡುತ್ತದೆ. ಅಂಥದ್ದನ್ನು ಯಾವ ಲಾಗಿನ್ ವಿವರವೂ ಇಲ್ಲದ ಕಂಟೇನರ್ (ಉಳಿದ ಮೆಷೀನಿನಿಂದ ಬೇರ್ಪಟ್ಟ ಜಾಗ) ಒಳಗೇ ಮಾಡಿ.

ಟೂಲಿನ ವರ್ಷನ್ ಮತ್ತು ನೀವು ಕೊಟ್ಟ ಪೂರ್ತಿ ಕಮಾಂಡ್ ಎರಡನ್ನೂ ಬರೆದಿಟ್ಟುಕೊಳ್ಳಿ. ಆಮೇಲೆ ಬೇಕಾಗುತ್ತದೆ.

## ಲಕ್ಷಣ: ಒಂದೂ ತಪ್ಪು ಸಿಗುತ್ತಿಲ್ಲ, ಎಲ್ಲ ಹಸಿರು

ಇದೇ ಎಲ್ಲಕ್ಕಿಂತ ಅಪಾಯದ ಲಕ್ಷಣ. ಯಾಕೆಂದರೆ ಇದನ್ನು ಯಾರೂ ದೋಷ ಅಂತ ಅಂದುಕೊಳ್ಳುವುದೇ ಇಲ್ಲ. ಸ್ಕ್ಯಾನರ್ ಬೊಬ್ಬೆ ಹೊಡೆದರೆ ಎಲ್ಲರೂ ಓಡಿ ಬರುತ್ತಾರೆ, ಸುಮ್ಮನಿದ್ದರೆ ಖುಷಿಪಡುತ್ತಾರೆ. ಸಾವಿರಾರು ಸಾಲಿನ ಹಳೆಯ ಕೋಡಿನ ಮೇಲೆ ಮೊದಲ ಸಲ ಓಡಿಸಿದಾಗಲೇ ಸೊನ್ನೆ ಬಂತು ಅಂದರೆ ದಯವಿಟ್ಟು ಅನುಮಾನಪಡಿ.

ಮೊದಲು ರಿಪೋರ್ಟಿನ ಕೊನೆಯ ಸಾಲುಗಳನ್ನು ಓದಿ. ಎಷ್ಟು ಫೈಲ್ ನೋಡಿದೆ, ಎಷ್ಟು ರೂಲ್ ಓಡಿಸಿದೆ, ಎಷ್ಟು ಬಿಟ್ಟಿದೆ ಎಂಬುದು ಸಾಮಾನ್ಯವಾಗಿ ಅಲ್ಲೇ ಇರುತ್ತದೆ. ಬ್ಯಾಂಡಿಟ್ ಆದರೆ ಒಟ್ಟು ಎಷ್ಟು ಸಾಲು ಕೋಡ್ ಓದಿದೆ ಅಂತಲೂ ಹೇಳುತ್ತದೆ. ಅಲ್ಲಿ ಸೊನ್ನೆ ಇದ್ದರೆ ಕಥೆ ಮುಗಿಯಿತು, ಅದು ಏನನ್ನೂ ಓದಿಲ್ಲ. ಇದಕ್ಕೆ ತೀರಾ ಸಾಮಾನ್ಯ ಕಾರಣವೊಂದಿದೆ. ಫೋಲ್ಡರ್ ಹೆಸರು ಕೊಟ್ಟು, ಒಳಗಿನ ಫೋಲ್ಡರ್‌ಗಳಿಗೂ ಇಳಿ ಎಂದು ಹೇಳುವ ರಿಕರ್ಸಿವ್ ಫ್ಲ್ಯಾಗ್ ಮರೆತಿರುತ್ತಾರೆ. ಬ್ಯಾಂಡಿಟ್ ಆಗ ಫೋಲ್ಡರನ್ನು ಬಿಟ್ಟೆ ಅಂತ ಒಂದು ಸಾಲು ಹೇಳಿ, ಏನೂ ಸಿಗಲಿಲ್ಲ ಅಂತ ಮುಗಿಸಿಬಿಡುತ್ತದೆ.

ಫೈಲ್‌ಗಳ ಸಂಖ್ಯೆ ಸರಿ ಕಾಣುತ್ತಿದ್ದರೆ ಮುಂದಿನ ಹೆಜ್ಜೆ ಬೇಕಂತಲೇ ಕೆಟ್ಟ ಫೈಲ್ ಇಟ್ಟು ನೋಡುವುದು. ಪೈಥಾನ್‌ನಲ್ಲಿ ಹೀಗೆ ಮಾಡಿ. ಮೊದಲ ಸಾಲಿನಲ್ಲಿ ಸಬ್‌ಪ್ರೊಸೆಸ್ ಇಂಪೋರ್ಟ್ ಮಾಡಿ. ಎರಡನೆಯ ಸಾಲಿನಲ್ಲಿ ಒಂದು ಆರ್ಗ್ಯುಮೆಂಟ್ ತೆಗೆದುಕೊಳ್ಳುವ ಫಂಕ್ಷನ್ ಶುರುಮಾಡಿ. ಮೂರನೆಯದರಲ್ಲಿ ಆ ಆರ್ಗ್ಯುಮೆಂಟನ್ನೇ ಸಬ್‌ಪ್ರೊಸೆಸ್ ಕಾಲ್‌ಗೆ ಕೊಟ್ಟು, ಶೆಲ್ ಎಂಬುದನ್ನು ಟ್ರೂ ಮಾಡಿ. ಬ್ಯಾಂಡಿಟ್ ಇಂಪೋರ್ಟ್ ಸಾಲಿಗೆ ಬಿ404 ಎಂಬ ಲೋ ಎಚ್ಚರಿಕೆ ಕೊಡಬೇಕು, ಮೂರನೆಯ ಸಾಲಿಗೆ ಬಿ602 ಎಂಬ ಹೈ ಎಚ್ಚರಿಕೆ ಕೊಡಬೇಕು. ಇಲ್ಲೊಂದು ಸೂಕ್ಷ್ಮ ಇದೆ. ಆರ್ಗ್ಯುಮೆಂಟ್ ಬದಲು ಕೋಟ್ ಒಳಗೆ ನೇರವಾಗಿ ಒಂದು ಕಮಾಂಡ್ ಬರೆದರೆ ಅದೇ ಬಿ602 ಲೋ ಮಟ್ಟಕ್ಕೆ ಇಳಿಯುತ್ತದೆ, ಹೊರಗಿನವರು ಆ ಸ್ಟ್ರಿಂಗನ್ನು ಬದಲಿಸಲು ಆಗುವುದಿಲ್ಲವಲ್ಲ. ನಿಮ್ಮ ಕಮಾಂಡಿನಲ್ಲಿ ಲೋ ಮಟ್ಟದವನ್ನು ತೋರಿಸಬೇಡ ಎಂಬ ಫಿಲ್ಟರ್ ಇದ್ದರೆ ಅದು ಕಾಣುವುದೇ ಇಲ್ಲ, ನೀವು ಟೂಲ್ ಕೆಟ್ಟಿದೆ ಅಂದುಕೊಳ್ಳುತ್ತೀರಿ.

ಈ ಫೈಲನ್ನು ಎಲ್ಲಿ ಇಡುತ್ತೀರಿ ಎಂಬುದೂ ಮುಖ್ಯ. ನಿಮಗೆ ಅನುಮಾನ ಇರುವ ಅಸಲಿ ಕೋಡಿನ ಪಕ್ಕದಲ್ಲೇ ಇಡಿ. ಟೆಸ್ಟ್ಸ್ ಎಂಬ ಫೋಲ್ಡರಿನಲ್ಲಿ ಇಟ್ಟರೆ ಸೆಮ್‌ಗ್ರೆಪ್ ಅದನ್ನು ಮುಟ್ಟದೇ ಇರಬಹುದು, ಏಕೆಂದರೆ ಅದರ ಡೀಫಾಲ್ಟ್ ಇಗ್ನೋರ್ ಪಟ್ಟಿಯಲ್ಲೇ ಟೆಸ್ಟ್ ಫೋಲ್ಡರ್‌ಗಳು, ನೋಡ್ ಮಾಡ್ಯೂಲ್ಸ್, ವೆಂಡರ್ ಎಲ್ಲ ಇವೆ.

ಈಗ ಫಲಿತಾಂಶಕ್ಕೆ ಎರಡು ಅರ್ಥ. ಕೆಟ್ಟ ಫೈಲ್ ಸಿಕ್ಕಿಬಿದ್ದರೆ ಟೂಲ್ ಆ ಫೋಲ್ಡರನ್ನು ಓದುತ್ತಿದೆ, ರೂಲ್ ಓಡುತ್ತಿದೆ. ಸಿಗದಿದ್ದರೆ ಈ ಮುಂದಿನವನ್ನು ಒಂದೊಂದಾಗಿ ನೋಡಿ.

ಇಗ್ನೋರ್ ಫೈಲ್‌ಗಳನ್ನು ತೆರೆಯಿರಿ. ಸ್ಕ್ಯಾನರಿನದು ಮಾತ್ರ ಸಾಲದು, ಗಿಟ್‌ನ ಇಗ್ನೋರ್ ಫೈಲನ್ನೂ ನೋಡಿ. ಸೆಮ್‌ಗ್ರೆಪ್ ಅದನ್ನೂ ಪಾಲಿಸುತ್ತದೆ. ಯಾರೋ ಎಂದೋ ಬರೆದ ಒಂದು ಸ್ಟಾರ್ ಇಡೀ ಸೋರ್ಸ್ ಫೋಲ್ಡರನ್ನೇ ಮರೆಮಾಡಿರಬಹುದು.

ವರ್ಬೋಸ್ ಫ್ಲ್ಯಾಗ್ ಹಾಕಿ ಮತ್ತೆ ಓಡಿಸಿ. ಯಾವ ಫೈಲ್ ಬಿಟ್ಟಿತು, ಯಾಕೆ ಬಿಟ್ಟಿತು ಅಂತ ಆಗ ಹೇಳುತ್ತದೆ. ಸೆಮ್‌ಗ್ರೆಪ್ ಸುಮಾರು 1 ಎಂಬಿಗಿಂತ ದೊಡ್ಡ ಫೈಲ್‌ಗಳನ್ನು ತಾನಾಗಿಯೇ ಬಿಡುತ್ತದೆ. ಕೈಯಲ್ಲಿ ಬರೆದ ಕೋಡ್ ಅಷ್ಟು ದೊಡ್ಡದಿರುವುದು ಕಡಿಮೆ, ಆದರೂ ನೋಡಿಬಿಡಿ.

ಪಾರ್ಸ್ ಎರರ್ ಹುಡುಕಿ. ಬ್ಯಾಂಡಿಟ್ ತಾನು ಯಾವ ಪೈಥಾನ್ ಮೇಲೆ ಓಡುತ್ತಿದೆಯೋ ಅದೇ ಪೈಥಾನ್‌ನ ಪಾರ್ಸರನ್ನು ಬಳಸುತ್ತದೆ. ಹಳೆಯ ಪೈಥಾನ್ ಮೇಲೆ ಬ್ಯಾಂಡಿಟ್ ಇದ್ದು, ನಿಮ್ಮ ಕೋಡಿನಲ್ಲಿ ಹೊಸ ಸಿಂಟ್ಯಾಕ್ಸ್ ಇದ್ದರೆ, ಆ ಫೈಲ್ ಇಡಿಯಾಗಿ ಸ್ಕಿಪ್ ಆದವುಗಳ ಪಟ್ಟಿಗೆ ಹೋಗುತ್ತದೆ. ಒಂದು ಸಾಲಿನ ತೊಂದರೆಗೆ ಇಡೀ ಫೈಲ್ ಹೋಯಿತು. ಕೋಡ್ ಓಡುವ ಪೈಥಾನ್ ವರ್ಷನ್ನಿನಲ್ಲೇ ಬ್ಯಾಂಡಿಟನ್ನೂ ಇನ್‌ಸ್ಟಾಲ್ ಮಾಡಿದರೆ ಇದು ಸರಿಹೋಗುತ್ತದೆ.

ಕೋಡ್‌ಕ್ಯೂಎಲ್ ಬಿಲ್ಡ್ ನೋಡಿಕೊಂಡು ಡೇಟಾಬೇಸ್ ಕಟ್ಟುತ್ತಿದ್ದರೆ, ಬಿಲ್ಡ್ ಕ್ಯಾಶೆ ತೆಗೆದು ಮೊದಲಿಂದ ಬಿಲ್ಡ್ ಮಾಡಿಸಿ. ಹಿಂದಿನ ಬಿಲ್ಡಿನ ಫಲ ಹಾಗೇ ಇದ್ದರೆ ಕಂಪೈಲರ್ ಓಡುವುದೇ ಇಲ್ಲ. ಓಡದ ಕಂಪೈಲರಿನಿಂದ ಅದಕ್ಕೆ ಏನೂ ಕಾಣುವುದಿಲ್ಲ.

ಇಷ್ಟೆಲ್ಲ ಸರಿಯಿದ್ದು, ಕೆಟ್ಟ ಫೈಲೂ ಸಿಕ್ಕಿಬಿದ್ದು, ನಿಮಗೆ ಗೊತ್ತಿರುವ ಅಸಲಿ ದೋಷ ಮಾತ್ರ ಸಿಗುತ್ತಿಲ್ಲ ಅಂದರೆ ಅದು ಟೂಲಿನ ಮಿತಿ ಇರಬಹುದು. ಬಳಕೆದಾರ ಟೈಪ್ ಮಾಡಿದ್ದು ಒಂದು ಫೈಲಿನಲ್ಲಿ ಒಳಬಂದು, ಇನ್ನೊಂದು ಫೈಲಿನ ಫಂಕ್ಷನ್ ದಾಟಿ, ಮೂರನೆಯದರಲ್ಲಿ ಎಸ್‌ಕ್ಯೂಎಲ್ ಆಗಿ ಓಡುತ್ತದೆ ಅಂತಿಟ್ಟುಕೊಳ್ಳಿ. ಸೆಮ್‌ಗ್ರೆಪ್‌ನ ಉಚಿತ ಆವೃತ್ತಿ ಫೈಲಿನಿಂದ ಫೈಲಿಗೆ ಈ ಜಾಡು ಹಿಡಿಯುವುದಿಲ್ಲ. ಬ್ಯಾಂಡಿಟ್ ಕೂಡ ಇಲ್ಲ. 2014ರ ಏಪ್ರಿಲ್‌ನಲ್ಲಿ ಹೊರಬಿದ್ದ ಹಾರ್ಟ್‌ಬ್ಲೀಡ್ ದೋಷ ನೆನಪಿದೆ ಅಲ್ವಾ? ಓಪನ್‌ಎಸ್‌ಎಸ್‌ಎಲ್ ಎಂಬ ಗೂಢಲಿಪಿ ಲೈಬ್ರರಿಯಲ್ಲಿ, ನೆಟ್‌ವರ್ಕಿನಿಂದ ಬಂದ ಉದ್ದದ ಸಂಖ್ಯೆಯನ್ನು ಪರೀಕ್ಷಿಸದೆ ಅಷ್ಟು ಮೆಮೊರಿ ಕಾಪಿ ಮಾಡುತ್ತಿತ್ತು. ಒಂದು ಕೋರಿಕೆಗೆ 64 ಕೆಬಿವರೆಗೆ ಸರ್ವರಿನ ಮೆಮೊರಿ ಹೊರಗೆ ಹೋಗುತ್ತಿತ್ತು. ಕವೆರಿಟಿಯಂಥ ದೊಡ್ಡ ಟೂಲ್ ಕೂಡ ಅದನ್ನು ಹಿಡಿದಿರಲಿಲ್ಲ. ಆ ಸಂಖ್ಯೆ ನಂಬಲಾಗದ ಕಡೆಯಿಂದ ಬಂತು ಎಂಬ ಜಾಡು ಅದಕ್ಕೆ ನಡುವೆಯೇ ತಪ್ಪಿತ್ತು. ಬೈಟ್‌ಗಳ ಕ್ರಮ ಬದಲಿಸುವ ಕೋಡ್ ಕಂಡರೆ ಆ ಮೌಲ್ಯ ನೆಟ್‌ವರ್ಕಿನದೇ ಇರಬೇಕು ಎಂದು ಊಹಿಸುವ ಉಪಾಯವನ್ನು ಆಮೇಲೆ ಸೇರಿಸಿದರು. ಇಂಥ ಕಡೆ ಇನ್ನೊಂದು ಫ್ಲ್ಯಾಗ್ ಹುಡುಕುವುದನ್ನು ನಿಲ್ಲಿಸಿ, ಕೋಡ್ ರಿವ್ಯೂಗೆ ಮನುಷ್ಯರನ್ನು ಕೂರಿಸಿ.

## ಲಕ್ಷಣ: ತಪ್ಪು ತೋರಿಸುತ್ತದೆ, ಆದರೆ ಪೈಪ್‌ಲೈನ್ ನಿಲ್ಲುವುದಿಲ್ಲ

ಪೈಪ್‌ಲೈನ್, ಅಂದರೆ ಕೋಡ್ ಬದಲಾದಾಗ ತಾನಾಗಿಯೇ ಓಡುವ ಹೆಜ್ಜೆಗಳ ಸರಣಿ, ರಿಪೋರ್ಟ್ ಓದುವುದಿಲ್ಲ, ಎಕ್ಸಿಟ್ ಕೋಡ್ ಮಾತ್ರ ನೋಡುತ್ತದೆ. ಸೊನ್ನೆ ಬಂದರೆ ಮುಂದೆ, ಬೇರೆ ಬಂದರೆ ನಿಲ್ಲು. ಹಾಗಾಗಿ ಸ್ಕ್ಯಾನ್ ಮುಗಿದ ಕೂಡಲೇ ಎಕ್ಸಿಟ್ ಕೋಡನ್ನು ಪ್ರಿಂಟ್ ಮಾಡಿಸಿ ನೋಡಿ.

ಟೂಲ್‌ಗಳ ನಡವಳಿಕೆ ಇಲ್ಲಿ ಒಂದೇ ತರಹ ಇಲ್ಲ. ಬ್ಯಾಂಡಿಟ್ ತಪ್ಪು ಸಿಕ್ಕರೆ 1 ಕೊಡುತ್ತದೆ. ಸೆಮ್‌ಗ್ರೆಪ್‌ನ ಸ್ಕ್ಯಾನ್ ಕಮಾಂಡ್ ತಪ್ಪು ಸಿಕ್ಕರೂ ಡೀಫಾಲ್ಟ್ ಆಗಿ ಸೊನ್ನೆಯನ್ನೇ ಕೊಡುತ್ತದೆ. ಎರರ್ ಎಂಬ ಫ್ಲ್ಯಾಗ್ ಹಾಕಿದರೆ ಮಾತ್ರ 1 ಬರುತ್ತದೆ. ಇದು ಗೊತ್ತಿಲ್ಲದೆ ಸ್ಕ್ಯಾನರ್ ಇಟ್ಟಿದ್ದೇವೆ ಅಂತ ನೆಮ್ಮದಿಯಾಗಿರುವ ತಂಡಗಳಿವೆ.

ಎಕ್ಸಿಟ್ ಕೋಡ್ ಸರಿಯಾಗಿದ್ದೂ ನಿಲ್ಲದಿದ್ದರೆ ಯಾರೋ ನಡುವೆ ಅದನ್ನು ನುಂಗುತ್ತಿದ್ದಾರೆ. ಸಿಐ ಫೈಲಿನಲ್ಲಿ (ಪೈಪ್‌ಲೈನಿನ ಹೆಜ್ಜೆಗಳನ್ನು ಬರೆದಿಡುವ ಫೈಲ್) ಈ ಹೆಜ್ಜೆ ಸೋತರೂ ಮುಂದುವರಿ ಎಂಬ ಸೆಟ್ಟಿಂಗ್ ಇದೆಯಾ ನೋಡಿ. ಕಮಾಂಡಿನ ಕೊನೆಯಲ್ಲಿ ಎರಡು ಪೈಪ್ ಚಿಹ್ನೆ ಹಾಕಿ ಟ್ರೂ ಅಂತ ಬರೆದಿದ್ದಾರಾ ನೋಡಿ. ಇನ್ನೊಂದು ಕಣ್ಣಿಗೆ ಸುಲಭವಾಗಿ ಬೀಳುವುದಿಲ್ಲ: ಔಟ್‌ಪುಟ್ಟನ್ನು ಪೈಪ್ ಮೂಲಕ ಟೀ ಕಮಾಂಡಿಗೆ ಕಳಿಸಿ ಲಾಗ್ ಫೈಲಿಗೆ ಬರೆಸಿರುತ್ತಾರೆ. ಬ್ಯಾಶ್‌ನಲ್ಲಿ ಹಾಗೆ ಮಾಡಿದರೆ ಕೊನೆಯ ಕಮಾಂಡಿನ ಎಕ್ಸಿಟ್ ಕೋಡೇ ಲೆಕ್ಕ. ಟೀ ಗೆದ್ದಿದೆ, ಹಾಗಾಗಿ ಸೊನ್ನೆ. ಸ್ಕ್ರಿಪ್ಟಿನ ಮೇಲ್ಗಡೆ ಪೈಪ್‌ಫೇಲ್ ಆಯ್ಕೆಯನ್ನು ಸೆಟ್ ಮಾಡಿದರೆ ಸರಿಯಾಗುತ್ತದೆ.

ಉಲ್ಟಾ ಲಕ್ಷಣವೂ ಇದೆ. ತಪ್ಪು ಒಂದೂ ಇಲ್ಲ, ಆದರೂ ಪೈಪ್‌ಲೈನ್ ಕೆಂಪು. 2 ಅಥವಾ ಅದಕ್ಕಿಂತ ದೊಡ್ಡ ಕೋಡ್ ಬಂದಿದ್ದರೆ ಸಾಮಾನ್ಯವಾಗಿ ಟೂಲೇ ಬಿದ್ದಿದೆ ಎಂದರ್ಥ, ರೂಲ್ ಫೈಲ್ ತಪ್ಪಿದೆ ಅಥವಾ ಸಿಕ್ಕಿಲ್ಲ. ಕೋಡ್‌ಕ್ಯೂಎಲ್ 32 ಕೊಟ್ಟರೆ ಬಿಲ್ಡಿನಲ್ಲಿ ಸೋರ್ಸ್ ಕೋಡೇ ಕಾಣಲಿಲ್ಲ ಎಂದು. 137 ಬಂದರೆ ಪ್ರೊಸೆಸ್ಸನ್ನು ಹೊರಗಿನಿಂದ ಕೊಂದಿದ್ದಾರೆ, ಬಹುತೇಕ ಮೆಮೊರಿ ಸಾಲದೆ.

## ಲಕ್ಷಣ: ನನ್ನ ಮೆಷೀನಿನಲ್ಲಿ ಒಂದು, ಸಿಐಯಲ್ಲಿ ಇನ್ನೊಂದು

ಮೊದಲು ಎರಡೂ ಕಡೆ ವರ್ಷನ್ ನೋಡಿ. ಖರ್ಚಿಲ್ಲದ ಪರೀಕ್ಷೆ, ಬಹಳ ಸಲ ಇಲ್ಲೇ ಉತ್ತರ ಸಿಗುತ್ತದೆ. ವರ್ಷನ್ ಒಂದೇ ಇದ್ದರೂ ರೂಲ್‌ಗಳು ಒಂದೇ ಇರಬೇಕೆಂದಿಲ್ಲ. ಆನ್‌ಲೈನಿನಿಂದ ರೂಲ್ ಸೆಟ್ ತರಿಸುತ್ತಿದ್ದರೆ ನಿನ್ನೆ ಇದ್ದ ರೂಲ್ ಇವತ್ತು ಬದಲಾಗಿರಬಹುದು. ಕೋಡ್ ಮುಟ್ಟದೇ ಇದ್ದಾಗಲೂ ಹೊಸ ತಪ್ಪುಗಳು ಬರುವುದು ಇದರಿಂದಲೇ. ರೂಲ್‌ಗಳ ಪ್ರತಿಯನ್ನು ನಿಮ್ಮ ರೆಪೊದಲ್ಲೇ ಇಟ್ಟುಕೊಂಡು, ನೀವು ಬಯಸಿದಾಗ ಅಪ್‌ಡೇಟ್ ಮಾಡುವುದು ಒಳ್ಳೆಯದು.

ಬದಲಾದ ಸಾಲುಗಳನ್ನು ಮಾತ್ರ ನೋಡುವ ಸ್ಕ್ಯಾನ್ ಸಿಐಯಲ್ಲಿ ಕೆಡುತ್ತಿದ್ದರೆ ಕ್ಲೋನ್ ಆಳ ನೋಡಿ. ಗಿಟ್‌ಹಬ್ ಆಕ್ಷನ್ಸ್‌ನ ಚೆಕ್‌ಔಟ್ ಡೀಫಾಲ್ಟ್ ಆಗಿ ಒಂದೇ ಒಂದು ಕಮಿಟ್ (ಗಿಟ್‌ನಲ್ಲಿ ಉಳಿಸಿದ ಒಂದು ಹಂತ) ತರುತ್ತದೆ. ಹೋಲಿಸಲು ಹಳೆಯ ಕಮಿಟೇ ಇಲ್ಲದಿದ್ದರೆ ಟೂಲ್ ಏನು ತಾನೆ ಮಾಡೀತು? ಫೆಚ್ ಡೆಪ್ತ್ ಸೊನ್ನೆ ಎಂದು ಕೊಟ್ಟರೆ ಪೂರ್ತಿ ಇತಿಹಾಸ ಬರುತ್ತದೆ.

ಕಂಟೇನರ್ ಒಳಗಿನ ಪೂರ್ತಿ ಪಾತ್ ರಿಪೋರ್ಟಿನಲ್ಲಿ ಉಳಿದುಬಿಟ್ಟರೆ, ಸಾರಿಫ್ ಎಂಬ ಮಾದರಿಯ ರಿಪೋರ್ಟ್ ಫೈಲನ್ನು ಅಪ್‌ಲೋಡ್ ಮಾಡಿದಾಗ ತಪ್ಪುಗಳು ಯಾವ ಸಾಲಿನ ಮೇಲೂ ಕೂರುವುದಿಲ್ಲ. ರೆಪೊದ ಮೂಲ ಫೋಲ್ಡರಿನಿಂದಲೇ ಸ್ಕ್ಯಾನ್ ಓಡಿಸಿ.

## ಲಕ್ಷಣ: ನೂರಾರು ಎಚ್ಚರಿಕೆ, ಎಲ್ಲಿಂದ ಶುರು ಮಾಡಲಿ?

ಮೊದಲು ಯಾವ ರೂಲಿನಿಂದ ಎಷ್ಟು ಬಂದಿವೆ ಎಂದು ಗುಂಪು ಮಾಡಿ. ಬಹುತೇಕ ಎರಡು ಮೂರು ರೂಲ್‌ಗಳೇ ದೊಡ್ಡ ಪಾಲು ತಿಂದಿರುತ್ತವೆ. ಪೈಟೆಸ್ಟ್ ಎಂಬ ಟೆಸ್ಟ್ ಟೂಲ್ ಬಳಸುವ ಪ್ರಾಜೆಕ್ಟಿನ ಮೇಲೆ ಬ್ಯಾಂಡಿಟ್ ಓಡಿಸಿದರೆ ಬಿ101 ಸಾಲುಸಾಲಾಗಿ ಬರುತ್ತದೆ, ಟೆಸ್ಟಿನ ಪ್ರತಿ ಅಸರ್ಟ್‌ಗೂ (ಇದು ನಿಜವಾಗಿರಲೇಬೇಕು ಎಂದು ಪರೀಕ್ಷಿಸುವ ಸಾಲು) ಒಂದೊಂದು. ಪೈಥಾನನ್ನು ಆಪ್ಟಿಮೈಸ್ ಮಾಡಿ ಓಡಿಸಿದಾಗ ಅಸರ್ಟ್‌ಗಳು ಮಾಯವಾಗುತ್ತವೆ ಎಂಬುದು ಆ ರೂಲಿನ ಕಾಳಜಿ. ಲಾಗಿನ್ ಪರೀಕ್ಷೆಯನ್ನು ಅಸರ್ಟ್‌ನಲ್ಲಿ ಬರೆದಿದ್ದರೆ ಅದು ನಿಜವಾದ ಅಪಾಯ. ಟೆಸ್ಟ್ ಫೈಲಿನಲ್ಲಿ ಅಪಾಯವಿಲ್ಲ. ಹಾಗಾಗಿ ಟೆಸ್ಟ್ ಫೋಲ್ಡರಿಗೆ ಮಾತ್ರ ಬಿ101 ಬೇಡ ಅನ್ನಿ, ಇಡೀ ಪ್ರಾಜೆಕ್ಟಿಗೆ ಬೇಡ.

ಸೆಮ್‌ಗ್ರೆಪ್‌ಗೆ ನಿಮ್ಮದೇ ಇಗ್ನೋರ್ ಫೈಲ್ ಬರೆದ ಮರುಕ್ಷಣ ಎಚ್ಚರಿಕೆಗಳು ದಿಢೀರ್ ಜಾಸ್ತಿಯಾದರೆ ಗಾಬರಿ ಬೇಡ. ನಿಮ್ಮ ಫೈಲ್ ಬಂದ ಕೂಡಲೇ ಡೀಫಾಲ್ಟ್ ಪಟ್ಟಿ ಹಿಂದೆ ಸರಿಯುತ್ತದೆ. ನೋಡ್ ಮಾಡ್ಯೂಲ್ಸ್, ವೆಂಡರ್ ಎಲ್ಲವನ್ನೂ ನೀವೇ ಸೇರಿಸಬೇಕು.

ಹಳೆಯ ಕೋಡಿನ ರಾಶಿಗೆ ಬೇಸ್‌ಲೈನ್ ಮಾಡಿ. ಇವತ್ತಿನವರೆಗಿನ ತಪ್ಪುಗಳನ್ನು ಒಂದು ಫೈಲಿಗೆ ಬರೆದಿಟ್ಟು, ಇನ್ನು ಮುಂದೆ ಹೊಸದಾಗಿ ಸೇರುವುದಕ್ಕೆ ಮಾತ್ರ ಪೈಪ್‌ಲೈನ್ ನಿಲ್ಲಲಿ. ಹಳೆಯದನ್ನು ಬಿಡುವು ನೋಡಿ ಖಾಲಿ ಮಾಡುತ್ತಾ ಬನ್ನಿ, ಕಮಾಂಡ್ ಇಂಜೆಕ್ಷನ್, ಎಸ್‌ಕ್ಯೂಎಲ್ ಇಂಜೆಕ್ಷನ್ ಮೊದಲು.

ಇನ್ನು ಒಂದೊಂದು ಎಚ್ಚರಿಕೆಯ ಬಾಯಿ ಮುಚ್ಚಿಸುವ ವಿಚಾರ. ಈ ಸಾಲನ್ನು ಬಿಡು ಎಂದು ಬ್ಯಾಂಡಿಟ್‌ಗೆ ಹೇಳುವ ನೋಸೆಕ್ ಕಮೆಂಟ್ ಹಾಕುವುದು ಸುಲಭ, ಅದಕ್ಕೇ ಹುಷಾರಾಗಿರಬೇಕು. 2006ರಲ್ಲಿ ಡೆಬಿಯನ್ ಎಂಬ ಲಿನಕ್ಸ್ ಆವೃತ್ತಿಯ ಓಪನ್‌ಎಸ್‌ಎಸ್‌ಎಲ್ ಪ್ಯಾಕೇಜಿನಲ್ಲಿ ಆಗಿದ್ದು ಇಂಥದ್ದೇ. ವ್ಯಾಲ್‌ಗ್ರಿಂಡ್, ಪ್ಯೂರಿಫೈ ಎಂಬ ಮೆಮೊರಿ ಪರೀಕ್ಷಕಗಳು ಎಚ್ಚರಿಕೆ ಕೊಡುತ್ತಿದ್ದವು. ಅದನ್ನು ನಿಲ್ಲಿಸಲು ಕೆಲವು ಸಾಲು ತೆಗೆದರು. ರ‍್ಯಾಂಡಮ್ ಸಂಖ್ಯೆಗೆ ಬೇಕಾದ ಅನಿಶ್ಚಿತತೆಯನ್ನು ಬೆರೆಸುತ್ತಿದ್ದ ಸಾಲೂ ಅದರೊಂದಿಗೆ ಹೋಯಿತು. ಉಳಿದಿದ್ದು ಪ್ರೊಸೆಸ್ ಐಡಿ ಮಾತ್ರ, ಅದರ ಮಿತಿ 32,768. 2008ರ ಮೇ ತಿಂಗಳಲ್ಲಿ ಬೆಳಕಿಗೆ ಬರುವವರೆಗೂ ಅಲ್ಲಿ ಹುಟ್ಟಿದ ಕೀಗಳನ್ನೆಲ್ಲ ಊಹಿಸಿಬಿಡಬಹುದಿತ್ತು. ಟೂಲ್ ಯಾಕೆ ಎಚ್ಚರಿಸುತ್ತಿದೆ ಎಂದು ನಿಮ್ಮ ಮಾತಿನಲ್ಲಿ ಒಂದು ವಾಕ್ಯ ಬರೆಯಲು ಆಗದಿದ್ದರೆ ಆ ಸಾಲನ್ನು ಮುಟ್ಟಬೇಡಿ, ಕೇಳಿ.

ಎಷ್ಟೋ ಸಲ ಕಮೆಂಟಿಗಿಂತ ಒಳ್ಳೆಯ ದಾರಿ ಕೋಡಿನಲ್ಲೇ ಇರುತ್ತದೆ. ಕ್ಯಾಶೆಗೆ ಹೆಸರಿಡಲು ಎಂಡಿ5 ಎಂಬ ಹಳೆಯ ಹ್ಯಾಶ್ ವಿಧಾನ ಬಳಸಿದ್ದೀರಿ, ಬ್ಯಾಂಡಿಟ್ ಬಿ324 ಕೊಡುತ್ತಿದೆ. ಪೈಥಾನ್ 3.9ರಿಂದ ಆ ಕಾಲ್‌ಗೆ ಯೂಸ್ಡ್ ಫಾರ್ ಸೆಕ್ಯೂರಿಟಿ ಎಂಬ ಆರ್ಗ್ಯುಮೆಂಟ್ ಇದೆ. ಅದನ್ನು ಫಾಲ್ಸ್ ಮಾಡಿದರೆ ಎಚ್ಚರಿಕೆ ತಾನೇ ನಿಲ್ಲುತ್ತದೆ, ಓದುವವರಿಗೂ ನಿಮ್ಮ ಉದ್ದೇಶ ತಿಳಿಯುತ್ತದೆ. ಅದೇ ಎಂಡಿ5 ಪಾಸ್‌ವರ್ಡಿಗೆ ಬಳಸಿದ್ದರೆ ಮಾತ್ರ ಆ ಎಚ್ಚರಿಕೆ ನೂರಕ್ಕೆ ನೂರು ಸರಿ, ಕೋಡನ್ನೇ ಬದಲಿಸಬೇಕು.

ಕಮೆಂಟ್ ಹಾಕಲೇಬೇಕಾದರೆ ನೋಸೆಕ್ ಮುಂದೆ ರೂಲಿನ ಗುರುತನ್ನೂ ಬರೆಯಿರಿ. ಬರೀ ನೋಸೆಕ್ ಹಾಕಿದರೆ ಆ ಸಾಲಿನ ಎಲ್ಲ ರೂಲ್‌ಗಳೂ ಮೌನವಾಗುತ್ತವೆ, ನಾಳೆ ಅಲ್ಲಿ ಬೇರೆ ತಪ್ಪು ಸೇರಿದರೂ ಗೊತ್ತಾಗುವುದಿಲ್ಲ.

## ಲಕ್ಷಣ: ತುಂಬಾ ನಿಧಾನ, ಅಥವಾ ನಡುವೆ ನಿಂತುಹೋಗುತ್ತದೆ

ಮಿನಿಫೈ ಮಾಡಿದ ಜಾವಾಸ್ಕ್ರಿಪ್ಟ್, ಟೂಲ್ ತಾನೇ ಹುಟ್ಟಿಸಿದ ಕೋಡ್, ಡಿಪೆಂಡೆನ್ಸಿ ಫೋಲ್ಡರ್‌ಗಳು ಸ್ಕ್ಯಾನಿಗೆ ಸಿಗುತ್ತಿವೆಯಾ ನೋಡಿ. ಇವನ್ನು ಹೊರಗಿಟ್ಟರೆ ಸಾಮಾನ್ಯವಾಗಿ ಹಗುರಾಗುತ್ತದೆ. ಆಮೇಲೆ ಟೈಮ್ ಫ್ಲ್ಯಾಗ್ ಹಾಕಿ ಯಾವ ರೂಲ್ ಸಮಯ ತಿನ್ನುತ್ತಿದೆ ಎಂದು ತಿಳಿಯಿರಿ. ಮೆಮೊರಿ ಸಾಲದಿದ್ದರೆ ಒಟ್ಟಿಗೆ ಓಡುವ ಜಾಬ್‌ಗಳ ಸಂಖ್ಯೆ ಇಳಿಸಿ. ಒಂದು ಎಚ್ಚರಿಕೆ: ಟೈಮ್‌ಔಟ್ ಆದ ಫೈಲ್ ಪರೀಕ್ಷೆ ಆದ ಫೈಲ್ ಅಲ್ಲ. ವೇಗ ಬರಲಿ ಅಂತ ಟೈಮ್‌ಔಟ್ ಇಳಿಸಿದರೆ ಮೇಲಿನ ಮೊದಲ ಲಕ್ಷಣಕ್ಕೇ ವಾಪಸ್ ಹೋಗುತ್ತೀರಿ.

## ಲಕ್ಷಣ: ನಾನೇ ಬರೆದ ರೂಲ್ ಏನನ್ನೂ ಹಿಡಿಯುತ್ತಿಲ್ಲ

ಸೆಮ್‌ಗ್ರೆಪ್ ರೂಲಿನ ಮಟ್ಟಿಗೆ ಹೇಳುತ್ತೇನೆ. ಮೊದಲು ವ್ಯಾಲಿಡೇಟ್ ಫ್ಲ್ಯಾಗ್ ಹಾಕಿ ಓಡಿಸಿ, ರೂಲ್ ಬರೆದ ಯಾಮಲ್ ಫೈಲಿನ ಇಂಡೆಂಟೇಶನ್ ತಪ್ಪಿದ್ದರೆ ಅಲ್ಲೇ ಸಿಗುತ್ತದೆ. ರೂಲಿನಲ್ಲಿ ಬರೆದ ಭಾಷೆ ಮತ್ತು ಫೈಲಿನ ಭಾಷೆ ಒಂದೇನಾ ನೋಡಿ. ಮೆಟಾವೇರಿಯಬಲ್‌ನಲ್ಲಿ (ಪ್ಯಾಟರ್ನಿನಲ್ಲಿ ಯಾವ ಕೋಡ್ ತುಣುಕಿಗೂ ಹೊಂದುವ ಖಾಲಿ ಜಾಗ) ಡಾಲರ್ ಚಿಹ್ನೆಯ ನಂತರ ದೊಡ್ಡಕ್ಷರಗಳೇ ಇರಬೇಕು.

ಅಷ್ಟಾದ ಮೇಲೂ ಹಿಡಿಯದಿದ್ದರೆ ಆರ್ಗ್ಯುಮೆಂಟ್‌ಗಳ ಲೆಕ್ಕ ನೋಡಿ. ಎಕ್ಸಿಕ್ಯೂಟ್ ಕಾಲ್‌ಗೆ ಪ್ಯಾಟರ್ನ್ ಬರೆಯುವಾಗ ಒಂದೇ ಮೆಟಾವೇರಿಯಬಲ್ ಇಟ್ಟಿದ್ದೀರಿ ಅಂತಿಟ್ಟುಕೊಳ್ಳಿ. ಅದು ಒಂದೇ ಆರ್ಗ್ಯುಮೆಂಟ್ ಇರುವ ಕಾಲ್‌ಗೆ ಮಾತ್ರ ಹೊಂದುತ್ತದೆ. ಕೋಡಿನಲ್ಲಿ ಎರಡಿದ್ದರೆ ಹೊಂದುವುದಿಲ್ಲ. ಅದರ ನಂತರ ಕಾಮಾ ಮತ್ತು ಮೂರು ಚುಕ್ಕಿ ಸೇರಿಸಿದರೆ, ಮುಂದೆ ಎಷ್ಟೇ ಇರಲಿ ಎಂದಾಗುತ್ತದೆ. ಫಂಕ್ಷನ್ ಹೆಸರನ್ನು ಮಾಡ್ಯೂಲ್ ಸಮೇತ ಪೂರ್ತಿ ಬರೆಯಿರಿ, ಬೇರೆ ಹೆಸರಿನಲ್ಲಿ ಇಂಪೋರ್ಟ್ ಮಾಡಿದ್ದರೂ ಆಗ ಸಿಗುತ್ತದೆ. ಪ್ಯಾಟರ್ನ್ಸ್ ಅಡಿಯಲ್ಲಿ ಬರೆದವೆಲ್ಲ ಒಟ್ಟಿಗೆ ಹೊಂದಬೇಕು, ಪ್ಯಾಟರ್ನ್ ಈದರ್ ಅಡಿಯಲ್ಲಿ ಯಾವುದಾದರೂ ಒಂದು ಸಾಕು. ಪ್ಯಾಟರ್ನ್ ಈದರ್ ಇರಬೇಕಾದ ಕಡೆ ಪ್ಯಾಟರ್ನ್ಸ್ ಹಾಕಿದ ರೂಲ್ ನೋಡಲು ಸರಿಯಾಗೇ ಇರುತ್ತದೆ, ಹಿಡಿಯುವುದು ಮಾತ್ರ ಏನೂ ಇಲ್ಲ.

ಪ್ರತಿ ರೂಲಿನ ಜೊತೆ ಒಂದು ಟೆಸ್ಟ್ ಫೈಲ್ ಇಡಿ. ಹಿಡಿಯಬೇಕಾದ ಸಾಲಿನ ಮೇಲೆ ರೂಲ್‌ಐಡಿ ಎಂಬ ಕಮೆಂಟ್, ಹಿಡಿಯಬಾರದ ಸಾಲಿನ ಮೇಲೆ ಓಕೆ ಎಂಬ ಕಮೆಂಟ್. ಟೆಸ್ಟ್ ಕಮಾಂಡ್ ಎರಡನ್ನೂ ತಾಳೆ ನೋಡುತ್ತದೆ.

## ಎಲ್ಲಿ ನಿಲ್ಲಿಸಬೇಕು, ಯಾರನ್ನು ಕರೆಯಬೇಕು

ಸ್ಕ್ಯಾನರ್ ನಿಜವಾದ ಕೀ ಅಥವಾ ಪಾಸ್‌ವರ್ಡ್ ತೋರಿಸಿದರೆ ದೋಷ ಹುಡುಕುವುದನ್ನು ಅಲ್ಲಿಗೇ ಬಿಡಿ. ಮೊದಲು ಆ ಕೀಯನ್ನು ರದ್ದು ಮಾಡಿಸಿ ಹೊಸದು ತೆಗೆದುಕೊಳ್ಳಿ. ಸಾಲು ಅಳಿಸಿ ಕಮಿಟ್ ಮಾಡಿದರೆ ಸಾಲದು, ಗಿಟ್ ಇತಿಹಾಸದಲ್ಲಿ ಅದು ಹಾಗೇ ಕೂತಿರುತ್ತದೆ. ನಿಮ್ಮ ಸೆಕ್ಯೂರಿಟಿ ತಂಡಕ್ಕೆ ಆಗಲೇ ತಿಳಿಸಿ.

ಗಂಭೀರ ಎಚ್ಚರಿಕೆ ನಿಜವೋ ಸುಳ್ಳೋ ಎಂದು ತಿಳಿಯಲು ಓಡುತ್ತಿರುವ ಸಿಸ್ಟಮ್ ಮೇಲೆ ದಾಳಿ ಮಾಡಿ ನೋಡಬೇಡಿ. ಅನುಮತಿ ಇರುವ ಟೆಸ್ಟ್ ವಾತಾವರಣದಲ್ಲಿ, ಗೊತ್ತಿರುವವರ ಜೊತೆ ಮಾಡಿ.

ಸ್ವಚ್ಛವಾಗಿ ಇನ್‌ಸ್ಟಾಲ್ ಮಾಡಿದ ಮೇಲೂ, ಮೂರು ಸಾಲಿನ ಕೆಟ್ಟ ಫೈಲ್ ಸಿಗದಿದ್ದರೆ ಅಥವಾ ಟೂಲ್ ಕ್ರ್ಯಾಶ್ ಆಗುತ್ತಿದ್ದರೆ ಅದು ಟೂಲಿನದೇ ಬಗ್ ಇರಬಹುದು. ತಯಾರಕರಿಗೆ ಬರೆಯುವಾಗ ವರ್ಷನ್, ಪೂರ್ತಿ ಕಮಾಂಡ್, ಎಕ್ಸಿಟ್ ಕೋಡ್, ವರ್ಬೋಸ್ ಔಟ್‌ಪುಟ್, ಮತ್ತು ಅದೇ ತೊಂದರೆ ಕೊಡುವ ಅತಿ ಚಿಕ್ಕ ಕೋಡ್ ಕೊಡಿ. ಆ ಕೋಡನ್ನು ಹೊಸದಾಗಿ ಬರೆಯಿರಿ, ಕಂಪನಿಯ ಕೋಡಿನಿಂದ ಕತ್ತರಿಸಿ ಅಂಟಿಸಬೇಡಿ. ಪೂರ್ತಿ ರಿಪೋರ್ಟನ್ನು ಎಲ್ಲರಿಗೂ ಕಾಣುವ ಕಡೆ ಹಾಕಬೇಡಿ. ನಿಮ್ಮ ಕೋಡಿನ ಯಾವ ಸಾಲು ದುರ್ಬಲ ಎಂಬ ಪಟ್ಟಿ ಅದು, ಔಟ್‌ಪುಟ್ಟಿನಲ್ಲಿ ಬಂದಿರುವ ಪಾತ್ ಮತ್ತು ಸರ್ವರ್ ಹೆಸರುಗಳನ್ನೂ ಅಳಿಸಿಯೇ ಕಳಿಸಿ.